ಊರು ಬಿಟ್ಟು ಬಂದ ಹಿರಿಯರು ಮತ್ತು ಸಕ್ಕರೆ ಮಾತ್ರೆ

ಹಳ್ಳಿಯ ತಂದೆತಾಯಿಯರನ್ನು ವಯಸ್ಸಾಯಿತೆಂದು ನಿಮ್ಮ ಪಟ್ಟಣದ ಮನೆಗೆ ಕರೆತರುತ್ತೀರಿ. ಹೊಸ ಜಾಗ, ಮಾತಿಗೆ ಜನರಿಲ್ಲ, ಊಟ ಸೇರುವುದಿಲ್ಲ. ಎರಡು ರೊಟ್ಟಿ ಉಣ್ಣುತ್ತಿದ್ದವರು ಅರ್ಧಕ್ಕೇ ಕೈ ತೊಳೆಯುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಮಾತ್ರ ಮೊದಲಿನಷ್ಟೇ! ಇದರಿಂದ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು.

ಬೆವರು, ನಡುಕ, ತಡವರಿಸುವ ಮಾತು ಕಂಡರೆ ‘ಅರಳುಮರಳು’ ಎಂದು ಸುಮ್ಮನಿರಬೇಡಿ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿರಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಟ್ಟು ಆಸ್ಪತ್ರೆಗೆ ಕರೆತನ್ನಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿರಿ.

ಸೊಸೆಗೆ ತೊಂದರೆಯೇಕೆಂದು ಹಿರಿಯರು ‘ಉಂಡೆನವ್ವಾ’ ಎನ್ನುವುದುಂಟು. ತಟ್ಟೆ ನೋಡಿರಿ. ಊಟ ಕಡಿಮೆಯಾಗಿದ್ದರೆ ಮಾತ್ರೆಯನ್ನು ನೀವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿರಿ. ಬರುವಾಗ ಊರಿನ ಡಾಕ್ಟರ ಚೀಟಿ, ಹಳೆಯ ಮಾತ್ರೆ ಎಲ್ಲವನ್ನೂ ಒಂದೇ ಚೀಲದಲ್ಲಿ ತನ್ನಿರಿ. ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ನುಂಗುತ್ತಿರಬಹುದು.