ಪೋರ್ಟ್ ತೆರೆಯುವುದು ಸರಿ, ಯಾರಿಗೆ?

ಬೆಂಗಳೂರಿನ ಪೀಣ್ಯದ ಎಷ್ಟೋ ಸಣ್ಣ ಕಾರ್ಖಾನೆಗಳ ಲೆಕ್ಕಪತ್ರ ಈಗ ಪೀಣ್ಯದಲ್ಲಿಲ್ಲ. ಲೇತು, ಮಿಲ್ಲಿಂಗ್ ಯಂತ್ರಗಳೆಲ್ಲ ಶೆಡ್ಡಿನಲ್ಲೇ ಇವೆ; ಲೆಕ್ಕ ಬರೆಯುವ ಟ್ಯಾಲಿ ಮಾತ್ರ ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ಡೇಟಾ ಸೆಂಟರಿನ ವರ್ಚುವಲ್ ಸರ್ವರ್ ಮೇಲೆ ಓಡುತ್ತಿರುತ್ತದೆ. ಅಕೌಂಟೆಂಟ್ ವಾರಕ್ಕೆರಡು ದಿನ ಬರುವವರು, ಆಡಿಟರ್ ಕಚೇರಿ ರಾಜಾಜಿನಗರದಲ್ಲಿ, ಮಾಲೀಕರಿಗೋ ರಾತ್ರಿ ಊಟ ಮುಗಿಸಿ ಯಾರ ಬಾಕಿ ಎಷ್ಟಿದೆಯೆಂದು ಮನೆಯಿಂದಲೇ ನೋಡುವ ಆಸೆ. ಇಷ್ಟು ಜನಕ್ಕೆ ಶೆಡ್ಡಿನ ಮೂಲೆಯ ಕಂಪ್ಯೂಟರ್ ಸಾಲದು. ಟ್ಯಾಲಿಯ ಹುಟ್ಟೂ ಇಂಥದ್ದೇ ಪರದಾಟದಿಂದ ಆದದ್ದು. ಗಿರಣಿ, ಕಾರ್ಖಾನೆಗಳಿಗೆ ಸಾಮಾನು ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ಒಗ್ಗುವ ಲೆಕ್ಕದ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್‌ಗೆ ಹೇಳಿ ಬರೆಸಿದರು. 1986ರಲ್ಲಿ ಕಂಪನಿಯೇ ಶುರುವಾಯಿತು.

ಲೆಕ್ಕ ಕ್ಲೌಡ್‌ಗೆ ಹೋದ ದಿನವೇ ಸಾಮಾನ್ಯವಾಗಿ ಕೇಳಿಬರುವ ಮಾತು: “ಸರ್, ಕನೆಕ್ಟ್ ಆಗ್ತಿಲ್ಲ, ಪೋರ್ಟ್ ಓಪನ್ ಮಾಡ್ಸಿ.”

ಪೋರ್ಟ್ ಎಂದರೆ ಸರ್ವರಿನ ಒಂದೊಂದು ಸೇವೆಗೂ ಇರುವ ನಂಬರಿನ ಬಾಗಿಲು. ಒಂದು ಸರ್ವರಿಗೆ 0ಯಿಂದ 65,535ರವರೆಗೆ ಪೋರ್ಟ್ ಸಂಖ್ಯೆಗಳಿವೆ. ವೆಬ್‌ಸೈಟಿಗೆ 80 ಮತ್ತು 443, ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿಗೆ 3389, ಬೇರೆ ಸಾಫ್ಟ್‌ವೇರ್ ಜತೆ ಮಾತಾಡಲು ಟ್ಯಾಲಿ ಸಾಮಾನ್ಯವಾಗಿ ಬಳಸುವುದು 9000. ಲಿನಕ್ಸ್ ಸರ್ವರನ್ನು ಹೊಗುವ ಎಸ್‌ಎಸ್‌ಎಚ್‌ಗೆ 22. ಈ 22ರ ಕಥೆ ಸ್ವಾರಸ್ಯದ್ದು. 1995ರಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಬರೆದಾಗ 21 ಎಫ್‌ಟಿಪಿ ಕೈಲಿತ್ತು, 23 ಟೆಲ್ನೆಟ್ ಕೈಲಿತ್ತು, ನಡುವಿನದು ಖಾಲಿ. ತನಗೆ ಕೊಡಿ ಎಂದು ಪೋರ್ಟ್ ಸಂಖ್ಯೆ ಹಂಚುವವರಿಗೆ ಇಮೇಲ್ ಮಾಡಿದರು, ಕೊಟ್ಟರು. ಈಗಿನ ಯಾವ ಕಂಪನಿಯಲ್ಲೂ ಅಷ್ಟು ಸುಲಭಕ್ಕೆ ಏನೂ ಸಿಗುವುದಿಲ್ಲ.

ಪೋರ್ಟ್ ತೆರೆದರೂ ಕನೆಕ್ಟ್ ಆಗದಿರಲು ದೊಡ್ಡ ಕಾರಣ, ಬಂದವರನ್ನು ತಡೆಯುವ ಫೈರ್‌ವಾಲ್ ಒಂದಲ್ಲ, ಎರಡು. ಕ್ಲೌಡ್ ಕಂಪನಿಯದೊಂದು, ಸರ್ವರಿನ ಒಳಗೆ ವಿಂಡೋಸ್ ಅಥವಾ ಲಿನಕ್ಸಿನದು ಇನ್ನೊಂದು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿಗೆ ಹೋದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ: ಗೇಟಿನ ಸೆಕ್ಯುರಿಟಿ ಆ್ಯಪಿನಲ್ಲಿ ಕೇಳಿ ಒಳಗೆ ಬಿಟ್ಟ ಮಾತ್ರಕ್ಕೆ ಹನ್ನೊಂದನೇ ಮಹಡಿಯ ಬಾಗಿಲು ತೆರೆದಿರಬೇಕೆಂದಿಲ್ಲ. ಎಲ್ಲಿ ತಡೆಯಾಯಿತೆಂದು ತಿಳಿಯಲು ಪರದೆ ಮೇಲಿನ ಸಂದೇಶವನ್ನೇ ಓದಿದರೆ ಅರ್ಧ ಕೆಲಸ ಮುಗಿಯಿತು. ಬಹಳ ಹೊತ್ತು ಕಾಯಿಸಿ ‘ಟೈಮ್ಡ್ ಔಟ್’ ಎಂದರೆ ಹೆಚ್ಚಾಗಿ ಯಾವುದೋ ಫೈರ್‌ವಾಲ್ ನುಂಗಿದೆ. ಕೂಡಲೇ ‘ರೆಫ್ಯೂಸ್ಡ್’ ಎಂದರೆ ಸರ್ವರ್‌ವರೆಗೆ ತಲುಪಿದ್ದಾಗಿದೆ, ಆ ಪೋರ್ಟಿನಲ್ಲಿ ಸಾಮಾನ್ಯವಾಗಿ ಯಾವ ಅಪ್ಲಿಕೇಶನ್ನೂ ಓಡುತ್ತಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಸಿಕ್ಕಸಿಕ್ಕ ಪೋರ್ಟುಗಳನ್ನೆಲ್ಲ ತೆರೆಯುವುದೇ ಹೆಚ್ಚು.

ಇದರ ತದ್ವಿರುದ್ಧದ ಮೋಸವೂ ಇದೆ. ಉಬುಂಟು ಲಿನಕ್ಸಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಪೋರ್ಟ್ ಮುಚ್ಚಿದೆ ಎಂದು ತೋರಿಸುತ್ತಿರುತ್ತದೆ. ಅದೇ ಸರ್ವರಿನಲ್ಲಿ ಅಪ್ಲಿಕೇಶನ್‌ಗಳನ್ನು ಕಂಟೇನರುಗಳಲ್ಲಿ ಓಡಿಸುವ ಡಾಕರ್ ಅದನ್ನು ಕೇಳದೆ ತಾನೇ ಐಪಿಟೇಬಲ್ಸ್ ನಿಯಮ ಬರೆದು ತೆರೆದಿಟ್ಟಿರುತ್ತದೆ.

ಪೋರ್ಟ್ ಸಂಖ್ಯೆ ಎಲ್ಲರೂ ಕೇಳುತ್ತಾರೆ. ಯಾರಿಗೆ ತೆರೆಯಬೇಕು ಎಂದು ಕೇಳುವವರು ಕಡಿಮೆ. ನಿಯಮ ಬರೆಯುವಾಗ ‘ಸೋರ್ಸ್’ ಎಂಬ ಜಾಗದಲ್ಲಿ ಕಾರ್ಖಾನೆಯ ಮತ್ತು ಮಾಲೀಕರ ಮನೆಯ ಐಪಿ ವಿಳಾಸ ಹಾಕಬೇಕು. ಆದರೆ ಮನೆಯ ಬ್ರಾಡ್‌ಬ್ಯಾಂಡಿನ ಐಪಿ ಬದಲಾಗುತ್ತಿರುತ್ತದೆ. ಬದಲಾದಾಗಲೆಲ್ಲ ಮಾಲೀಕರ ಫೋನು. ಸರ್ವರ್ ನೋಡಿಕೊಳ್ಳುವ ಹುಡುಗ ಎರಡು ಸಲ ತಿದ್ದಿ ಬೇಸತ್ತು ಮೂರನೇ ಸಲ 0.0.0.0/0 ಎಂದು ಹಾಕುತ್ತಾನೆ. ಅಂದರೆ ಜಗತ್ತಿನ ಯಾರು ಬೇಕಾದರೂ. ಫೋನು ನಿಲ್ಲುತ್ತದೆ, ಎಲ್ಲರಿಗೂ ಖುಷಿ.

ಯಾರಿಗೂ ಗೊತ್ತಿಲ್ಲದ ಸಣ್ಣ ಕಾರ್ಖಾನೆಯ ಸರ್ವರನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎಂಬ ಧೈರ್ಯ ಬೇರೆ. ಹುಡುಕುವುದೇ ಬೇಡ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ರೂಪಿಸಿದ ಜೀಮ್ಯಾಪ್, ಇಂಟರ್ನೆಟ್ಟಿನ ಐಪಿವಿ4 ವಿಳಾಸಗಳನ್ನೆಲ್ಲ ಒಂದು ಪೋರ್ಟಿನ ಮಟ್ಟಿಗೆ 45 ನಿಮಿಷದೊಳಗೆ ತಟ್ಟಿ ನೋಡಿತು, ಅದೂ ಒಂದೇ ಕಂಪ್ಯೂಟರಿನಿಂದ. 2017ರ ಆರಂಭದಲ್ಲಿ 27017 ಪೋರ್ಟ್ ತೆರೆದು, ಪಾಸ್‌ವರ್ಡ್ ಇಲ್ಲದೆ ಬಿಟ್ಟಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿ, ದಾಳಿಕೋರರು ಆ ಜಾಗದಲ್ಲಿ ಹಣ ಕೇಳುವ ಚೀಟಿ ಇಟ್ಟರು. 2019ರ ಮೇನಲ್ಲಿ ರಿಮೋಟ್ ಡೆಸ್ಕ್‌ಟಾಪಿನ ‘ಬ್ಲೂಕೀಪ್’ ದೋಷ ಬಯಲಾದಾಗ ಮೈಕ್ರೋಸಾಫ್ಟ್, ಎಂದೋ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಪ್ಯಾಚ್ ಕೊಡಬೇಕಾಯಿತು. ಪೀಣ್ಯದ ಮಾಲೀಕರು ರಾತ್ರಿ ಬಾಕಿ ನೋಡುವುದೂ ಅದೇ ರಿಮೋಟ್ ಡೆಸ್ಕ್‌ಟಾಪಿನಲ್ಲಿ.

ಊರಿನ ಇನ್ನೊಂದು ತುದಿಯ ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಗಳಲ್ಲಿ ಪಡಿಪಾಟಲೇ ಬೇರೆ. ಅಲ್ಲಿ ಟಿಕೆಟ್ ರೈಸ್ ಮಾಡಬೇಕು: ಎಲ್ಲಿಂದ, ಎಲ್ಲಿಗೆ, ಯಾವ ಪೋರ್ಟ್, ಏಕೆ, ಯಾವ ತಾರೀಖಿನವರೆಗೆ. ಮ್ಯಾನೇಜರ್ ಒಪ್ಪಬೇಕು, ಸೆಕ್ಯುರಿಟಿ ತಂಡ ಒಪ್ಪಬೇಕು, ಆಮೇಲೆ ವಾರಾಂತ್ಯದ ರಾತ್ರಿಗೆ ಕಾಯಬೇಕು. ಡೆವಲಪರುಗಳು ಗೊಣಗುವುದರಲ್ಲಿ ತಪ್ಪಿಲ್ಲ. ಆದರೂ ಆ ಫಾರಂನ ಕೊನೆಯ ಕಾಲಂ, ಯಾವ ತಾರೀಖಿನವರೆಗೆ ಎನ್ನುವುದು, ಪೀಣ್ಯಕ್ಕೂ ಬೇಕಾದದ್ದು. ಸಾಫ್ಟ್‌ವೇರ್ ಹಾಕಲು ಬಂದ ವೆಂಡರಿಗೆಂದು ಒಂದು ಮಧ್ಯಾಹ್ನದ ಮಟ್ಟಿಗೆ ತೆರೆದ ಪೋರ್ಟ್, ವೆಂಡರ್ ಬದಲಾದ ಮೇಲೂ ತೆರೆದೇ ಇರುತ್ತದೆ.

ಕೆಲವಕ್ಕೆ ತೆರೆಯುವ ಅಗತ್ಯವೇ ಇಲ್ಲ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯ. ಅದನ್ನು ಕಳಿಸುವುದು ನಮ್ಮ ಸರ್ವರು, ಹೋಗುವುದು ಇ-ಇನ್‌ವಾಯ್ಸ್ ಪೋರ್ಟಲಿನ 443ಕ್ಕೆ. ಉತ್ತರ ಅದೇ ಸಂಪರ್ಕದಲ್ಲಿ ವಾಪಸು ಬರುತ್ತದೆ. ಒಳಬರುವ ಒಂದು ಪೋರ್ಟನ್ನೂ ಮುಟ್ಟಬೇಕಿಲ್ಲ.

ರಿಮೋಟ್ ಡೆಸ್ಕ್‌ಟಾಪಿಗೂ ದಾರಿಯಿದೆ. 3389ನ್ನು ಹೊರಜಗತ್ತಿಗೆ ಪೂರ್ತಿ ಮುಚ್ಚಿ, ವಯರ್‌ಗಾರ್ಡ್‌ನಂಥ ವಿಪಿಎನ್ ಹಾಕಿದರೆ ತೆರೆಯಬೇಕಾದ್ದು ಒಂದೇ ಪೋರ್ಟ್, ಸಾಮಾನ್ಯವಾಗಿ 51820. ಸರಿಯಾದ ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಮನೆಯ ಐಪಿ ದಿನಕ್ಕೆ ಹತ್ತು ಸಲ ಬದಲಾದರೂ ಮಾಲೀಕರು ಫೋನ್ ಮಾಡಬೇಕಿಲ್ಲ. ಟ್ಯಾಲಿ ತೆರೆಯುವ ಮುಂಚೆ ಇನ್ನೊಂದು ಗುಂಡಿ ಒತ್ತಬೇಕು, ಅಷ್ಟೆ. ಅದಕ್ಕೂ ಅಕೌಂಟೆಂಟರ ತಕರಾರು ಇದ್ದದ್ದೇ.