ರಿಯೋಹಾದ ಕೆಂಪು, ಕುಮಟೆಯ ಕೆಂಪು

ಸ್ಪೇನಿನ ಉತ್ತರಕ್ಕಿರುವ ರಿಯೋಹಾ ಸೀಮೆ ಕೆಂಪು ವೈನಿಗೆ ಹೆಸರಾದದ್ದು. ಬೇರೆ ದ್ರಾಕ್ಷಿಗಳಿಗಿಂತ ಬೇಗ ಮಾಗುವ ಟೆಂಪ್ರನೀಯೊ ಎಂಬ ಕಪ್ಪು ದ್ರಾಕ್ಷಿಯ ರಸವನ್ನು ಹುದುಗಿಸಿ, ಓಕ್ ಮರದ ಪೀಪಾಯಿಗಳಲ್ಲಿ ಹದಕ್ಕೆ ತರುತ್ತಾರೆ. ಒಣ ದ್ರಾಕ್ಷಿಬಳ್ಳಿಯ ಕೆಂಡದ ಮೇಲೆ ಸುಟ್ಟ ಕುರಿಮರಿಯ ಮಾಂಸ ಅದಕ್ಕೆ ಒಪ್ಪುವ ಜೋಡಿ. ಏಕೆ ಒಪ್ಪುತ್ತದೆ? ಅಡಿಕೆ ಜಗಿದವರಿಗೆ ಒಗರು ಏನೆಂದು ಹೇಳಬೇಕಾಗಿಲ್ಲ. ವೈನಿನಲ್ಲಿರುವ ಟ್ಯಾನಿನ್ ಕೂಡ ಅಂಥ ಒಗರೇ. ಜೊಲ್ಲಿನ ಪ್ರೋಟೀನನ್ನು ಹಿಡಿದು ನಾಲಗೆಯನ್ನು ಒಣಗಿಸುತ್ತದೆ. ಮಾಂಸ, ಕೊಬ್ಬು ಜೊತೆಗಿದ್ದರೆ ಒಗರು ಮೆದುವಾಗುತ್ತದೆ, ಜಿಡ್ಡೂ ಹಗುರಾಗುತ್ತದೆ.

ಅದೇ ಲೋಟವನ್ನು ಕುಮಟೆಯ ಬಂಗಡೆ, ತಾರ್ಲೆ ಸಾರಿನ ಪಕ್ಕ ಇಟ್ಟರೆ ಮಾತು ಬೇರೆ. ಎಣ್ಣೆಮೀನಿನೊಂದಿಗೆ ಕೆಂಪು ವೈನ್ ಕುಡಿದರೆ ಬಾಯಲ್ಲಿ ಲೋಹದ ರುಚಿ ಉಳಿಯುತ್ತದೆಂಬುದು ಹಳೆಯ ದೂರು. 2009ರಲ್ಲಿ ಜಪಾನಿನ ಸಂಶೋಧಕರು ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯ ಮಾಂಸದೊಂದಿಗೆ ಹತ್ತಾರು ವೈನ್‌ಗಳ ರುಚಿ ನೋಡಿಸಿ, ಆ ಮೀನುವಾಸನೆಗೂ ವೈನಿನಲ್ಲಿರುವ ಕಬ್ಬಿಣದ ಅಂಶಕ್ಕೂ ನಂಟಿದೆಯೆಂದು ತೋರಿಸಿದರು. ಅಘನಾಶಿನಿ ಅಳಿವೆಯ ಬಳಚು ಇದೇ ಸ್ಕ್ಯಾಲಪ್‌ನ ದೂರದ ನೆಂಟ. ಇನ್ನು ಭಟ್ಕಳದ ನವಾಯತರ ಮಾಂಸದ ಬಿರಿಯಾನಿಗೆ ರಿಯೋಹಾ ಹೊಂದೀತು; ಆದರೆ ಅವರ ಧರ್ಮಕ್ಕೆ ಮದ್ಯ ಹೊಂದದು.

ಈ ಕರಾವಳಿಗೂ ತನ್ನದೇ ಒಂದು ಕೆಂಪು ಉಂಟು: ಮುರುಗಲು. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವುದು, ಮರಾಠಿಗರು ಕೋಕಂ ಎನ್ನುವುದು ಇದನ್ನೇ. ಬಣ್ಣದಲ್ಲಿ ದ್ರಾಕ್ಷಿಗೂ ಇದಕ್ಕೂ ದಾಯಾದಿತನ. ಎರಡಕ್ಕೂ ಕೆಂಪು ಕೊಡುವುದು ಆಂಥೋಸಯನಿನ್ ವರ್ಗದ ವರ್ಣಗಳು. ಆದರೆ ದ್ರಾಕ್ಷಿಯ ವೈನ್ ಒಗರಿನಿಂದ ಮಾಡುವ ಕೆಲಸವನ್ನು ಮುರುಗಲು ಹುಳಿಯಿಂದ ಮಾಡುತ್ತದೆ. ತೆಂಗಿನಕಾಯಿ ಅರೆದ ಮೀನುಸಾರಿಗೆ ನಾಲ್ಕು ಒಣಸಿಪ್ಪೆ ಬಿದ್ದರೆ ಮೀನಿನ ನಾತವೂ ಕಾಯಿಹಾಲಿನ ಜಿಡ್ಡೂ ಒಟ್ಟಿಗೇ ಅಡಗುತ್ತವೆ. ಮೀನು ತಿನ್ನದ ಮನೆಗಳಲ್ಲಿ ಅದೇ ಸಿಪ್ಪೆ ಸಾರಾಗುತ್ತದೆ. ಬೆಳ್ಳುಳ್ಳಿ, ಹಸಿಮೆಣಸು, ಕಾಯಿಹಾಲು ಸೇರಿದರೆ ನಸುಗೆಂಪು ಕಡಿಯಾಗುತ್ತದೆ. ಸಕ್ಕರೆ ತುಂಬಿ ಬಿಸಿಲಿಗಿಟ್ಟ ಸಿಪ್ಪೆ ಬಿಡುವ ರಸವೇ ಬೇಸಗೆಯ ಪಾನಕ.

ಊಟದ ಕೊನೆಯಲ್ಲಿ ಹುಳಿಯಿಂದ ಬಾಯಿ ಹಗುರ ಮಾಡಿಕೊಳ್ಳುವುದು ಇಲ್ಲಿ ಹೊಸತಲ್ಲ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಅಲ್ಲಿನ ಸುಲ್ತಾನ ಜಮಾಲುದ್ದೀನನ ಪಂಕ್ತಿಯನ್ನು ವಿವರವಾಗಿ ಬಣ್ಣಿಸಿದ್ದಾನೆ. ತುಪ್ಪ ಸುರಿದ ಅನ್ನ, ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿಗಳು, ಕೋಳಿ, ಬಗೆಬಗೆಯ ಮೀನು, ಕಡೆಗೆ ಮೊಸರು. ಅದಾದ ಮೇಲೆ ಬಿಸಿನೀರು. ಸ್ಪೇನಿನ ಎದುರು ದಡದ ತಾಂಜೀರಿನಿಂದ ಬಂದವನು ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಅನ್ನದಲ್ಲೇ ಕಳೆದನಂತೆ!

ಮುರುಗಲನ್ನು ಯುರೋಪಿಗೆ ಪರಿಚಯಿಸಿದ ಆರಂಭದ ಬರಹಗಳಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾನದು ಮುಖ್ಯ. ಸ್ಪೇನಿನ ಸಲಮಾಂಕಾದಲ್ಲಿ ಓದಿದ್ದ ಈತ 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಒಳಗೆ ಕೆಂಪಾದ ಈ ಹುಳಿಹಣ್ಣಿನ ಒಣಸಿಪ್ಪೆಯನ್ನು ವಿನೆಗರ್ ಮಾಡಲೆಂದು ಪೋರ್ಚುಗಲ್‌ಗೆ ಒಯ್ಯುತ್ತಿದ್ದುದನ್ನು ಹೇಳುತ್ತಾನೆ. ವೈನಿನ ದೇಶದವರಿಗೆ ಅದು ಕಂಡದ್ದು ವಿನೆಗರಾಗಿ. ಪಾನಕ ಮಾಡಬಹುದೆಂದು ಯಾರೂ ಹೇಳಲಿಲ್ಲವೋ ಏನೋ.

ರಿಯೋಹಾ ಎಂಬ ಹೆಸರಿಗೆ 1925ರಲ್ಲೇ ರಕ್ಷಣೆ ದೊರಕಿತು. 2016ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಂಧುದುರ್ಗ ಮತ್ತು ರತ್ನಾಗಿರಿಯ ಕೋಕಮ್ಮಿಗೆ ಸಂದಿತು. ಉತ್ತರ ಕನ್ನಡದ ಮುರುಗಲು ಬಹುಮಟ್ಟಿಗೆ ಕಾಡಿನ ಫಸಲು. ನೆಟ್ಟು ಬೆಳೆಸುವುದೂ ಸುಲಭವಲ್ಲ. ಗಂಡು ಮರ, ಹೆಣ್ಣು ಮರ ಬೇರೆಬೇರೆ. ಬೀಜದಿಂದ ಬೆಳೆದ ಸಸಿ ಯಾವುದೆಂದು ಹೂ ಬಿಡುವ ತನಕ, ಅಂದರೆ ಆರೇಳು ವರ್ಷ, ತಿಳಿಯುವುದಿಲ್ಲ. ಹಣ್ಣಾಗುವುದು ಏಪ್ರಿಲ್–ಮೇನಲ್ಲಿ. ಸಿಪ್ಪೆ ಒಣಗಲು ಕೆಲವು ದಿನಗಳ ಗಟ್ಟಿ ಬಿಸಿಲು ಬೇಕು. ಮಳೆ ವಾರ ಮೊದಲೇ ಇಳಿದ ವರ್ಷ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ, ಅಂಗಳದ ಚಾಪೆಯ ಮೇಲಿನ ಸಿಪ್ಪೆಗೆ ಬೂಸಲು ಹಿಡಿಯುತ್ತದೆ.