ತೊಗರಿ ಬೀಜ: ಊರು ನೋಡಿ ಅಲ್ಲ, ನಿಮ್ಮ ಹೊಲ ನೋಡಿ ಆರಿಸಿ

ರೋಹಿಣಿ ಮಳೆ ಹತ್ತಿರ ಬಂತೆಂದರೆ ಎಲ್ಲರದೂ ಒಂದೇ ಪ್ರಶ್ನೆ: "ಈ ಸಲ ಯಾವ ಬೀಜ ಛಲೋ ಅದ?" ನಾನು ತಿರುಗಿ ಕೇಳುವುದು, "ನಿಮ್ಮ ಹೊಲ ಎಂಥಾದ್ದು?" ಎಂದು.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಕಲಬುರಗಿ ಸಮೀಪದ ಆಳವಾದ ಎರೆ ಹೊಲವೊಂದರಲ್ಲಿ 'ಆಶಾ' ತಳಿ ತುಂಬಿ ನಿಂತದ್ದನ್ನು ಕಂಡು, ಕಮಲಾಪುರದ ನನ್ನ ಮಸಾರಿ ಹೊಲಕ್ಕೂ ಅದನ್ನೇ ಬಿತ್ತಿದೆ. ಅಕ್ಟೋಬರ್‌ನಲ್ಲಿ ಮಳೆ ನಿಂತಿತು. ತೆಳು ಮಣ್ಣಿನ ಹಸಿ ಹೂ ಬಿಡುವ ಹೊತ್ತಿಗೇ ಮುಗಿಯಿತು. ಹೂ ಉದುರಿತು, ಕಾಯಿ ಜೊಳ್ಳಾಯಿತು. ತಪ್ಪು ತಳಿಯದಲ್ಲ, ನನ್ನದು.

ಮೊದಲು ಮಣ್ಣಿನ ಆಳ ನೋಡಿ. ಒಂದು ಗುಂಡಿ ತೋಡಿದರೆ ಸಾಕು. ಒಂದೂವರೆ ಅಡಿಗೇ ಗರಸು ಸಿಕ್ಕರೆ ಬೇಗ ಬರುವ ತಳಿಯೇ ಬೇಕು. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ಸುಮಾರು 150 ದಿನಕ್ಕೆ ರಾಶಿಗೆ ಬರುತ್ತದೆ. ಅಲ್ಲಿಯದೇ ಜಿಆರ್‌ಜಿ-811 ಅದಕ್ಕಿಂತ ಒಂದು ವಾರ, ಹತ್ತು ದಿನ ತಡ. ಆಶಾ 170 ದಿನಕ್ಕೂ ಹೆಚ್ಚು ತಗೋತದ. ಅದು ಹಸಿ ಹಿಡಿಯುವ ಆಳದ ಎರೆಗೆ ಸರಿ.

ಎರಡನೆಯದು ಹೊಲದ ರೋಗ. 2022ರಲ್ಲಿ ನೆಟೆ ರೋಗಕ್ಕೆ ನಮ್ಮ ಜಿಲ್ಲೆಯ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಒಣಗಿದ್ದು ಯಾರೂ ಮರೆತಿಲ್ಲ. ಒಣಗಿದ ಗಿಡದ ಬುಡ ಸೀಳಿ ನೋಡಿ. ಒಳಗೆ ಕಪ್ಪು ಗೆರೆ ಇದ್ದರೆ ಅದು ನೆಟೆ. ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಎಲೆ ಸಣ್ಣದಾಗಿ, ಗಿಡ ಪೊದೆಯಂತಾಗಿ ಹೂವೇ ಬಿಡದಿದ್ದರೆ ಅದು ಗೊಡ್ಡು ರೋಗ, ನುಸಿಯಿಂದ ಹರಡುವಂಥದ್ದು. ಹಳೆಯ 'ಮಾರುತಿ' ನೆಟೆ ತಡೆಯುತ್ತದೆ, ಗೊಡ್ಡು ರೋಗ ತಡೆಯುವುದಿಲ್ಲ. ಆಶಾ, ಜಿಆರ್‌ಜಿ-811 ಎರಡನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಆದರೆ ತಳಿಯೊಂದನ್ನೇ ನಂಬಬೇಡಿ. ನೆಟೆ ಬಿದ್ದ ಹೊಲಕ್ಕೆ ಎರಡು-ಮೂರು ವರ್ಷ ಜೋಳ ಹಾಕಿ.

ಮೂರನೆಯದು ಕೈಯಲ್ಲಿರುವ ಬೀಜ. 100 ಕಾಳು ಎಣಿಸಿ, ತೊಯ್ಸಿದ ಗೋಣಿಚೀಲದಲ್ಲಿ ಸುತ್ತಿಡಿ. ಐದಾರು ದಿನಕ್ಕೆ 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬಿಡಿ. ಬಿತ್ತುವ ಮುಂಚೆ ಕೆ.ಜಿ.ಗೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿ, ನೆರಳಲ್ಲಿ ಆರಿಸಿ.

ಮನೆ ಬೀಜ ಇಡುವವರಿಗೆ ಒಂದು ಮಾತು. ಜೇನ್ನೊಣ ತೊಗರಿಯ ತಳಿ ಬೆರೆಸುತ್ತವೆ. ಬೇರೆ ತಳಿಯ ಹೊಲದಿಂದ ಕನಿಷ್ಠ 100 ಮೀಟರ್ ದೂರವಿರಲಿ. ಕಾಯಿ ತುಂಬಿದಾಗಲೇ ರೋಗವಿಲ್ಲದ ಗಿಡಗಳಿಗೆ ದಾರ ಕಟ್ಟಿ ಗುರುತು ಮಾಡಿ. ರಾಶಿಯಾದ ಮೇಲೆ ಕಾಳು ನೋಡಿ ಆರಿಸಿದರೆ ರೋಗದ ಗಿಡದ್ದು ಯಾವುದು, ಛಲೋ ಗಿಡದ್ದು ಯಾವುದು ತಿಳಿಯಲ್ಲ.

ಈ ವಾರ ಬೀಜ ತರಲು ಹೊರಡುವ ಮುಂಚೆ ಸಲಿಕೆ ತಗೊಂಡು ಹೊಲಕ್ಕೆ ಹೋಗಿ ಬನ್ನಿ.